ಬುಧವಾರ ಬನ್ನಿ ಟೀಚರ್

ಅವರ ಎರಡು ಕಿವಿಗಳಲ್ಲಿ ಯಾವುದಾದರೂ ಒಂದರಲ್ಲಿ ಸದಾ ಹತ್ತಿಯ ಉಂಡೆ ಇರುತ್ತಿತ್ತು. ಬಿಳಿಯ ಹತ್ತಿಯಲ್ಲ, ಗ್ರೀಸು, ಪೈಂಟಿನ ಪುಡಿ, ಬೆವರು ಎಲ್ಲ ಕುಡಿದು ಬೂದಿ ಬಣ್ಣಕ್ಕೆ ತಿರುಗಿದ ಹತ್ತಿ. ದಿನವಿಡೀ ತಗಡು ಬಡಿಯುವವರು ಕಿವಿ ಉಳಿಸಿಕೊಳ್ಳಲು ಇಟ್ಟುಕೊಂಡಿದ್ದಾರೆ ಎಂದು ನಾನು ಮೊದಲು ತಿಳಿದಿದ್ದೆ. ನಾಲ್ಕೈದು ವಾರ ಹೋಗಿ ಬಂದ ಮೇಲೆ ವಿಷಯ ಗೊತ್ತಾಯಿತು. ಗಾಡಿ ರಿಪೇರಿಗೆ ಕೊಟ್ಟವರು ಯಾವ ಬದಿಗೆ ನಿಂತು ಮಾತಾಡುತ್ತಾರೋ ಆ ಬದಿಯ ಕಿವಿಗೆ ಹತ್ತಿ ಹೋಗುತ್ತಿತ್ತು.

ಮೆಲ್ಕಾರಿನಲ್ಲಿ ಹೆದ್ದಾರಿಯ ಪಕ್ಕಕ್ಕೆ ಅವರ ಗ್ಯಾರೇಜು. ಗುದ್ದಿಸಿಕೊಂಡು ಬಂದ ಗಾಡಿಗಳ ತಗಡು ನೆಟ್ಟಗೆ ಮಾಡಿ ಪೈಂಟ್ ಹೊಡೆದು ಕೊಡುವ ಕೆಲಸ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಯಾರ ಗಾಡಿ ಯಾವ ಮರಕ್ಕೆ ಬಡಿದರೂ ಕೊನೆಗೆ ಅವರ ಅಂಗಳಕ್ಕೇ ಬರುತ್ತಿತ್ತು. ಒಳಗೆ ಬಂದದ್ದು ಹೊರಗೆ ಹೋಗುವ ದಿನ ಮಾತ್ರ ಅವರಿಗೂ ಗೊತ್ತಿರುತ್ತಿರಲಿಲ್ಲ.

ನನ್ನ ಗಾಡಿ ಅಲ್ಲಿಗೆ ಹೋದದ್ದು ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ. ನಾನಾಗ ವಾಮದಪದವಿನ ಶಾಲೆಯಲ್ಲಿ ಟೀಚರ್, ಗಂಡ ಬ್ಯಾಂಕಿನಲ್ಲಿ. ಅವರು ಆಸೆಪಟ್ಟು ಒಂದು ಹಳೆಯ ಫಿಯೆಟ್ ಕಾರು ಕೊಂಡ ಆರೇ ತಿಂಗಳಿಗೆ ಧಾರವಾಡದ ಕಡೆಗೆ ವರ್ಗವಾಯಿತು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ಅತ್ತೆಗೆ ಪಾರ್ಶ್ವವಾಯು ಬಡಿದು ಎಡಗಾಲು ಎಳೆಯುತ್ತಿತ್ತು. ಪ್ರತಿ ಆದಿತ್ಯವಾರ ಮೂಡುಬಿದಿರೆಯ ಒಬ್ಬ ಪಂಡಿತರಲ್ಲಿಗೆ ಹೋಗಿ ಕಾಲಿಗೆ ಎಣ್ಣೆ ತಿಕ್ಕಿಸಬೇಕಿತ್ತು. ಕಾರು ಅಂಗಳದಲ್ಲಿ ಟರ್ಪಾಲು ಹೊದ್ದುಕೊಂಡಿರುವಾಗ ಆ ಹೆಂಗಸನ್ನು ಬಸ್ಸಿಗೆ ಎತ್ತಿ ಹತ್ತಿಸುವುದು ನನಗೆ ಸರಿ ಕಾಣಲಿಲ್ಲ. ಬೇಸಗೆ ರಜೆಯಲ್ಲಿ ದಿನಾ ಮಂಗಳೂರಿಗೆ ಹೋಗಿ ಡ್ರೈವಿಂಗ್ ಕಲಿತು ಲೈಸನ್ಸ್ ಮಾಡಿಸಿಕೊಂಡೆ. ನಮ್ಮ ಕಡೆ ಹೆಂಗಸು ಕಾರು ಓಡಿಸುವುದನ್ನು ಆಗ ಯಾರೂ ಕಂಡಿರಲಿಲ್ಲ. ನಾನು ಹೋಗುವಾಗ ಜನ ಅಂಗಡಿಗಳಿಂದ ಹೊರಗೆ ಬಂದು ನೋಡುತ್ತಿದ್ದರು.

ಮೂರನೆಯ ಆದಿತ್ಯವಾರ ಅವರಿಗೆ ನೋಡಲು ಬೇಕಾದಷ್ಟು ಸಿಕ್ಕಿತು. ಸಿದ್ದಕಟ್ಟೆ ದಾಟಿದ ಮೇಲಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ದಾರಿ ಕೊಡಲು ಹೋದವಳು ನೇರ ಒಂದು ಕೆಂಪುಕಲ್ಲಿನ ಕಂಪೌಂಡಿಗೆ ಗುದ್ದಿದೆ. ಎಡಬದಿಯ ಮಡ್‌ಗಾರ್ಡು ಮುದ್ದೆಯಾಯಿತು, ಬಾನೆಟ್ಟು ಮಡಚಿತು, ಹೆಡ್‌ಲೈಟು ಕಣ್ಣುಗುಡ್ಡೆಯಂತೆ ಹೊರಗೆ ಜೋತಾಡಿತು. ಹಿಂದೆ ಕೂತಿದ್ದ ಅತ್ತೆಯ ಹಣೆಯಲ್ಲಿ ನೆಲ್ಲಿಕಾಯಿ ಗಾತ್ರದ ಬಾವು. ಇನ್ನು ತಾನು ಇವಳ ಕೈಯ ಗಾಡಿಯಲ್ಲಿ ಕೂರುವುದಿಲ್ಲ ಎಂದು ಅವರು ರಸ್ತೆಯಲ್ಲಿ ನಿಂತೇ ಹೇಳಿದರು. ಗಂಡನ ಕಾಗದ ಹದಿನೈದು ದಿನದೊಳಗೆ ಬಂತು. ಗಾಡಿ ರಿಪೇರಿ ಮಾಡಿಸಿಡು, ದೀಪಾವಳಿಗೆ ಬಂದಾಗ ಮಾರಿಬಿಡುವ ಎಂದು ಬರೆದಿದ್ದರು.

ಜೀಪಿಗೆ ಹಗ್ಗ ಕಟ್ಟಿಸಿ ಗಾಡಿಯನ್ನು ಮೆಲ್ಕಾರಿಗೆ ಎಳೆಸಿದೆ. ಮೇಸ್ತ್ರಿ ಅದನ್ನು ಸುತ್ತು ಹಾಕಿ ನೋಡಲೇ ಇಲ್ಲ. ಕಣ್ಣು ಮುಚ್ಚಿ ಮುದ್ದೆಯಾದ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದರು, ವೈದ್ಯರು ಹೊಟ್ಟೆ ಒತ್ತಿ ನೋಡುವ ಹಾಗೆ. ನಾನು ತುಳುವಿನಲ್ಲಿ ಕೇಳಿದರೂ ಅವರು ನನಗೆ ಉತ್ತರ ಕೊಡುತ್ತಿದ್ದದ್ದು ಕನ್ನಡದಲ್ಲಿ, ಒಂದೊಂದೇ ಶಬ್ದ ತೂಗಿ. ಟೀಚರ್ ಎಂಬ ಮರ್ಯಾದೆ.

"ಬುಧವಾರ ಬನ್ನಿ ಟೀಚರ್. ಆಗ್ತದೆ."

ನಾನು ನಂಬಿದೆ.

ಬುಧವಾರ ನನಗೆ ಶಾಲೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು, ಬಂಟ್ವಾಳ ದಾಟಿ, ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಹೋದರೆ ಗಾಡಿ ಇಟ್ಟಲ್ಲೇ ಇತ್ತು. ನೀವು ಬುಧವಾರ ಬರಲಿಲ್ಲವಲ್ಲ ಎಂದು ಅವರು ನನ್ನನ್ನೇ ಕೇಳಿದರು. ಹೀಗೆ ಮೂರು ಶನಿವಾರ ಆಯಿತು. ನಾಲ್ಕನೆಯ ವಾರ ನಾನು ಹಟಕ್ಕೆ ಬಿದ್ದು ಬುಧವಾರವೇ ರಜೆ ಹಾಕಿ ಹೋದೆ. ಗ್ಯಾರೇಜಿಗೆ ಬೀಗ. ಮೇಸ್ತ್ರಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಎದುರಿನ ಹೋಟೆಲಿನವರು ನನ್ನ ಮುಖ ನೋಡಿ, ಕೇಳದೆಯೇ ಒಂದು ಗ್ಲಾಸು ನೀರು ಕೊಟ್ಟರು.

ಕಾರಣಗಳಿಗೆ ಅವರಲ್ಲಿ ಎಂದೂ ಬರ ಇರಲಿಲ್ಲ. ಬೆಸುಗೆಯ ಗ್ಯಾಸಿನ ಸಿಲಿಂಡರು ಮಂಗಳೂರಿನಿಂದ ಬರಬೇಕು. ಸಿಲಿಂಡರು ಬಂದ ದಿನ ಕರೆಂಟು ಇಲ್ಲ. ಮಳೆಯಲ್ಲಿ ಪೈಂಟ್ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಧೂಳು. ಇವೆಲ್ಲ ಸುಳ್ಳೂ ಆಗಿರಲಿಲ್ಲ, ಅದೇ ಕಷ್ಟ. ಇದರ ಮೇಲೆ ಅವರದೇ ಒಂದು ಕಾನೂನು ಇತ್ತು. ಟ್ಯಾಕ್ಸಿ, ಟೆಂಪೊಗಳಂಥ ದುಡಿಯುವ ಗಾಡಿ ಬಂದರೆ ಉಳಿದದ್ದೆಲ್ಲ ಹಿಂದಕ್ಕೆ. ನಾನು ಜಗಳ ತೆಗೆದಾಗ ಅವರು ಸಮಾಧಾನದಲ್ಲಿ ಹೇಳಿದರು: "ನಿಮ್ಮ ಗಾಡಿ ನಿಂತರೆ ನಿಮಗೆ ಬಸ್ಸು ಉಂಟು ಟೀಚರ್. ಟ್ಯಾಕ್ಸಿಯವನ ಗಾಡಿ ನಿಂತರೆ ಅವನ ಮನೆಯಲ್ಲಿ ಒಲೆ ನಿಲ್ತದೆ."

ಬಸ್ಸು ಹೇಗೆ ಉಂಟು ಎಂದು ಅವರಿಗೆ ಹೇಳಿದೆ. ಪ್ರತಿ ಆದಿತ್ಯವಾರ ನಾನು ಅತ್ತೆಯ ಕಂಕುಳಿಗೆ ಕೈ ಕೊಟ್ಟು, ಕಂಡಕ್ಟರು ಮೇಲಿನಿಂದ ಎಳೆದು, ಆ ಎಡಗಾಲು ಫುಟ್‌ಬೋರ್ಡಿಗೆ ತಾಗಿ ಅವರು ನರಳಿದ್ದು. ಎರಡು ವಾರ ಅವರು ಬರುವುದೇ ಇಲ್ಲ ಎಂದು ಮಲಗಿದ್ದು. ಮೇಸ್ತ್ರಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು. ಮುಗಿದ ಮೇಲೆ ನಿಟ್ಟುಸಿರು ಬಿಟ್ಟು, ಬುಧವಾರ ಖಂಡಿತ ಎಂದರು.

ಆಗಸ್ಟಿನ ಒಂದು ಶನಿವಾರ ಹೋದಾಗ ನನ್ನ ಗಾಡಿ ತಗಡಿನ ಮಾಡಿನ ಕೆಳಗೆ ಹಿಂದಿನ ಮೂಲೆಯಲ್ಲಿತ್ತು. ಅದರ ಮುಂದೆ ಒಂದು ಅಂಬಾಸಿಡರ್, ಒಂದು ಜೀಪು, ಇನ್ನೊಂದು ಫಿಯೆಟ್. ಅವನ್ನು ತೆಗೆಯದೆ ಕೈ ಹಾಕಲು ಆಗುವುದಿಲ್ಲ ಎಂದರು. ತೆಗೆಯಿರಿ ಎಂದೆ. ಆಚೆ ಬದಿಯ ಮೆಕ್ಯಾನಿಕ್ ಬಂದೇ ಆಗಬೇಕು, ಅವರು ಮದುವೆಗೆ ಹೋಗಿದ್ದಾರೆ ಎಂದರು. ನೀವೇ ತೆಗೆಯಬಹುದಲ್ಲ ಎಂದು ಕೇಳಿದ ಮೇಲೆ ಗೊತ್ತಾಯಿತು, ಇಪ್ಪತ್ತು ವರ್ಷದಿಂದ ಗಾಡಿಗಳ ನಡುವೆಯೇ ಬದುಕಿದ ಆ ಮನುಷ್ಯನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇರಲಿಲ್ಲ.

"ದಿನಾ ನೋಡ್ತೇನಲ್ಲ ಟೀಚರ್, ಓಡಿಸಿದರೆ ಏನಾಗ್ತದೆ ಅಂತ."

ನನಗೆ ತಡೆಯಲಿಲ್ಲ. ಕೀ ಕೊಡಿ, ನಾನು ತೆಗೆಯುತ್ತೇನೆ ಎಂದೆ. ಅವರು ನನ್ನ ಗಾಡಿಯ ಮುದ್ದೆಯಾದ ಮೂತಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನನಗೆ ಗೋಡೆ ಒಂದೇ ಇರುವುದು ಟೀಚರ್."

ಆದರೂ ಮೊಳೆಯಿಂದ ಕೀ ತೆಗೆದು ಕೊಟ್ಟರು. ಅಪಘಾತದ ಬಳಿಕ ನಾನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಅಂಬಾಸಿಡರಿನಲ್ಲಿ ಕೂತು ಕ್ಲಚ್ಚು ಬಿಟ್ಟ ರಭಸಕ್ಕೆ ಎರಡು ಸಲ ಎಂಜಿನು ನಿಂತಿತು. ಮೇಸ್ತ್ರಿ ಗಾಡಿಯ ಹಿಂದೆ ಒಂದು ಕೈಯನ್ನು ತಗಡಿನ ಮೇಲೆ ಇಟ್ಟುಕೊಂಡು ನಿಂತರು. ಒಂದು ಪೆಟ್ಟು ತಟ್ಟಿದರೆ ನಿಲ್ಲಿಸಬೇಕು, ಎರಡು ತಟ್ಟಿದರೆ ಬರಬಹುದು ಎಂದು ಒಪ್ಪಂದವಾಯಿತು. ಗಾಡಿಗೂ ಗೋಡೆಗೂ ಮೊಳ ಅಂತರ ಉಳಿಯುವ ತನಕ ಎರಡು ಪೆಟ್ಟು ಬೀಳುತ್ತಲೇ ಇತ್ತು. ಆ ಅಂತರದಲ್ಲಿ ನಿಂತದ್ದು ಅವರ ಸ್ವಂತ ಮೈ ಎಂದು ನನಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಅಂದಿನಿಂದ ಅದೊಂದು ಪರಿಪಾಠವಾಯಿತು. ಶನಿವಾರ ನಾನು ಹೋದ ಕೂಡಲೇ ಅವರು ಕೀಗಳ ಗೊಂಚಲು ಹಿಡಿದು ಬರುತ್ತಿದ್ದರು. ಆ ಇಕ್ಕಟ್ಟಿನಲ್ಲಿ ಎಂಟು ಗಾಡಿಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸಿಕೊಡುವುದು ನನ್ನ ಕೆಲಸ. ಬ್ರೇಕು ಸರಿಯಿಲ್ಲದ ಜೀಪು, ಬಾಗಿಲೇ ಇಲ್ಲದ ಟೆಂಪೊ, ಗೇರು ಸಿಕ್ಕಿದರೆ ಸಿಕ್ಕಿತು ಎನ್ನುವ ವ್ಯಾನು. ಎಲ್ಲರ ಗಾಡಿಗೂ ದಾರಿ ಮಾಡಿಕೊಟ್ಟೆ. ಅವು ಹೊರಗೆ ಹೋದವು. ನನ್ನ ಫಿಯೆಟ್ ಮಾತ್ರ ಒಳಗೇ ಇತ್ತು. ಒಂದು ದಿನ ಇದನ್ನು ಅವರ ಮುಖಕ್ಕೇ ಹೇಳಿದೆ. ಹೌದು ಟೀಚರ್, ನೀವು ಬರಲಿಕ್ಕೆ ಹಿಡಿದ ಮೇಲೆ ಕೆಲಸ ಬೇಗ ಆಗುತ್ತಿದೆ ಎಂದು ಅವರು ಸಂತೋಷದಿಂದ ಒಪ್ಪಿಕೊಂಡರು. ಅಂಥವರನ್ನು ಏನು ಮಾಡುವುದು?

ದೀಪಾವಳಿಗೆ ಗಂಡ ಬಂದರು. ಬೆಳ್ತಂಗಡಿಯ ಒಬ್ಬರಿಗೆ ಗಾಡಿ ಕೊಡುವುದೆಂದು ಮಾತಾಗಿ, ಅವರನ್ನೂ ಕರೆದುಕೊಂಡು ಮೂವರೂ ಮೆಲ್ಕಾರಿಗೆ ಹೋದೆವು. ಗಾಡಿಗೆ ಬಾನೆಟ್ಟು ಇರಲಿಲ್ಲ, ಎಡಗಡೆಯ ಮಡ್‌ಗಾರ್ಡು ಬಿಚ್ಚಿ ನೆಲದಲ್ಲಿತ್ತು. ಕೊಳ್ಳಲು ಬಂದವರು ಎರಡು ನಿಮಿಷ ನೋಡಿ, ತಮಗೆ ಬೆಳ್ತಂಗಡಿ ಬಸ್ಸಿಗೆ ತಡವಾಗುತ್ತದೆ ಎಂದು ಹೊರಟೇಬಿಟ್ಟರು. ನನ್ನ ಗಂಡ ಎಂದೂ ದೊಡ್ಡ ಸ್ವರ ತೆಗೆಯುವವರಲ್ಲ, ಅಂದು ತೆಗೆದರು. ಐದು ತಿಂಗಳಾಯಿತಲ್ಲ ಮಾರಾಯ್ರೇ, ಮನುಷ್ಯರು ಮಾಡುವ ಕೆಲಸವಾ ಇದು ಎಂದರು. ಮೇಸ್ತ್ರಿ ಬಲಗಿವಿಯ ಹತ್ತಿ ತೆಗೆದು ಎಡಗಿವಿಗೆ ಇಟ್ಟುಕೊಂಡು, ಗಂಡನ ಮಾತು ಮುಗಿಯುವ ತನಕ ನಿಂತಿದ್ದರು. ಐದು ದಿನದ ರಜೆ ಮುಗಿಸಿ, ಆದ ಮೇಲೆ ನೀನೇ ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿ ಗಂಡ ಧಾರವಾಡಕ್ಕೆ ಹೋದರು.

ಗಾಡಿ ಮಾರಿ ಹೋಗಲಿಲ್ಲವೆಂದು ನನಗೆ ಒಳಗೊಳಗೇ ಹಾಯೆನಿಸಿತ್ತು. ಯಾರಿಗೂ ಹೇಳಲಿಲ್ಲ. ಮೇಸ್ತ್ರಿಗಂತೂ ಖಂಡಿತ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಿದ್ದರೋ ಏನೋ.

ನಿಜವಾಗಿ ನನ್ನ ತಾಳ್ಮೆ ಕೆಟ್ಟದ್ದು ಜನವರಿಯಲ್ಲಿ. ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಫಿಯೆಟ್ ಟ್ಯಾಕ್ಸಿ ಬಂದು ನಿಂತಿತು. ಅದರ ಎಡಗಡೆಯ ಹೆಡ್‌ಲೈಟಿನ ರಿಮ್ಮು ಹೊಸತು. ತಿಂಗಳುಗಟ್ಟಲೆ ಕಾದು ನನ್ನ ಗಾಡಿಗೆಂದು ಬೊಂಬಾಯಿಯಿಂದ ತರಿಸಿದಂಥದ್ದೇ ಅದು. ಅನುಮಾನದಿಂದ ಟ್ಯಾಕ್ಸಿಯವರನ್ನು ಕೇಳಿದರೆ, ಮೇಸ್ತ್ರಿ ಎರಡು ದಿನಕ್ಕೆ ಕೊಟ್ಟದ್ದು ಎಂದರು. ಎರಡು ದಿನ ಆಗಲೇ ಮೂರು ವಾರವಾಗಿತ್ತು.

ಗ್ಯಾರೇಜಿಗೆ ಹೋದವಳು ಅಂಗಳದ ನಡುವೆ ನಿಂತು ಬೈದೆ. ಏನೇನು ಬೈದೆನೋ ಪೂರ್ತಿ ನೆನಪಿಲ್ಲ. ನೀವು ಸುಳ್ಳು ಹೇಳುವವರು, ನನ್ನ ಶಾಲೆಯ ಮಕ್ಕಳು ಹೀಗೆ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ ಎಂದದ್ದು ನೆನಪಿದೆ. ಬಡಿಯುವ ಸದ್ದು ನಿಂತಿತು. ಕೆಲಸದವರು ಸುತ್ತಿಗೆ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. ಮೇಸ್ತ್ರಿ ಕಿವಿಯ ಹತ್ತಿಯನ್ನು ತೆಗೆದು ಕಿಸೆಗೆ ಹಾಕಿಕೊಂಡರು.

"ಸುಳ್ಳಲ್ಲ ಟೀಚರ್," ಎಂದರು. "ಹೇಳುವಾಗ ಆಗ್ತದೆ ಅಂತಲೇ ನನಗೆ ಕಾಣ್ತದೆ."

ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ, ನಾಚಿಕೆ ಇತ್ತು. ನಾನು ಅಲ್ಲಿದ್ದ ಒಂದು ಟಯರಿನ ಮೇಲೆ ಕೂತುಬಿಟ್ಟೆ. ಹೋಟೆಲಿನಿಂದ ಚಹಾ ತರಿಸಿದರು. ಇಬ್ಬರೂ ಕುಡಿದೆವು. ಇಷ್ಟೆಲ್ಲ ಆದ ಮೇಲೆ ಆ ವಾರವಾದರೂ ಗಾಡಿ ಆಯಿತೇ ಎಂದು ಕೇಳಿದರೆ, ಆಗಲಿಲ್ಲ.

ಶಿವರಾತ್ರಿ ಕಳೆದು ಒಂದು ಶನಿವಾರ ಕೆಲಸ ಆಯಿತು. ಗಾಡಿ ಅಂಗಳದ ಮುಂದೆ, ರಸ್ತೆಗೆ ಮುಖ ಮಾಡಿ ನಿಂತಿತ್ತು. ಬೇರೆ ಗ್ಯಾರೇಜಿನವರು ಕುಳಿಗೆ ಪುಟ್ಟಿ ಮೆತ್ತಿ ಪೈಂಟ್ ಹೊಡೆದು ಮುಚ್ಚುತ್ತಿದ್ದರು. ಇವರು ತಗಡನ್ನೇ ಬಡಿದು ಸಮ ಮಾಡಿ, ಪುಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಮಾತ್ರ ಹಚ್ಚುತ್ತಿದ್ದರು. ಒಂಬತ್ತು ತಿಂಗಳಲ್ಲಿ ಅಷ್ಟು ನಾನೂ ಕಲಿತಿದ್ದೆ. ಕಣ್ಣು ಮುಚ್ಚಿ ಮುಟ್ಟಿ ನೋಡಿ ಎಂದರು. ಮಡ್‌ಗಾರ್ಡಿನ ಮೇಲೆ ಕೈ ಆಡಿಸಿದೆ. ಆ ಕಂಪೌಂಡು ಎಲ್ಲಿ ತಾಗಿತ್ತು ಎಂದು ನನ್ನ ಬೆರಳಿಗೆ ಸಿಗಲಿಲ್ಲ. ಆಯಿತು ಎಂದಷ್ಟೇ ಹೇಳಿ ಹೊರಟೆ. ಚೆನ್ನಾಗಿದೆ ಎಂದು ಹೇಳಲು ಸಿಟ್ಟು ಬಿಡಲಿಲ್ಲ.

ಅತ್ತೆ ಎರಡು ಆದಿತ್ಯವಾರ ಬಸ್ಸಿನಲ್ಲೇ ಹೋಗುವುದೆಂದು ಹಟ ಮಾಡಿದರು. ಮೂರನೆಯ ವಾರ ನಾನು ಗಾಡಿಯನ್ನು ನಮ್ಮ ಓಣಿಯಲ್ಲಿ ಹಿಂದಕ್ಕೆ ಹಿಂದಕ್ಕೆ ತಂದು, ಅವರು ಕೂತಿದ್ದ ಜಗಲಿಯ ಮೆಟ್ಟಿಲಿಗೆ ಬಾಗಿಲು ಸರಿಯಾಗಿ ಬರುವಂತೆ ನಿಲ್ಲಿಸಿದೆ. ಒಂದು ಹೆಜ್ಜೆಯಲ್ಲಿ ಹತ್ತಬಹುದಿತ್ತು. ಅವರು ಓಣಿಯನ್ನೂ ಗಾಡಿಯನ್ನೂ ನೋಡಿದರು. ಇದನ್ನೆಲ್ಲ ಯಾವಾಗ ಕಲಿತೆ ಎಂದು ಕೇಳಿದರು. ಮೇಸ್ತ್ರಿ ತಡ ಮಾಡಿದ್ದಕ್ಕೆ ಎಂದೆ. ಸೀರೆ ಎತ್ತಿ ಹಿಡಿದು ಹತ್ತಿ ಕೂತರು. ಸಿದ್ದಕಟ್ಟೆಯ ತಿರುವು ದಾಟುವ ತನಕ ನನ್ನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ದಾಟಿದ ಮೇಲೆ ಬಿಟ್ಟರು.

ಗಾಡಿ ಮಾರುವ ಮಾತು ಮತ್ತೆ ಬರಲಿಲ್ಲ. ಆ ಫಿಯೆಟ್ ಇನ್ನೂ ಬಹಳ ವರ್ಷ ಓಡಿತು. ಹೆರಿಗೆ ನೋವು ಬಂದವರನ್ನು ಬಂಟ್ವಾಳದ ಆಸ್ಪತ್ರೆಗೆ ಮುಟ್ಟಿಸಿತು, ಶಾಲೆಯ ಮಕ್ಕಳನ್ನು ಆಟದ ಪಂದ್ಯಕ್ಕೆ ಬೆಳ್ತಂಗಡಿಗೆ ಒಯ್ದಿತು. ನಡುವೆ ಎಲ್ಲಿ ಗೀರು ಬಿದ್ದರೂ ಮೆಲ್ಕಾರಿಗೇ ಕೊಂಡುಹೋದೆ. ಪ್ರತಿ ಸಲವೂ ಇನ್ನು ಇವರಲ್ಲಿಗೆ ಬರುವುದಿಲ್ಲ ಎಂದು ಹೇಳಿಯೇ ಬರುತ್ತಿದ್ದೆ.

ಎಂಬತ್ತರ ದಶಕದ ನಡುವೆ, ನಾರಾವಿಯಲ್ಲಿ ನೆಂಟರ ಮನೆಯ ಮದುವೆಗೆ ಹೋದಾಗ ಒಂದು ಜೀಪು ಹಿಂದಕ್ಕೆ ಬಂದು ಬಾಗಿಲಿಗೆ ತಾಗಿತು. ಮೇಸ್ತ್ರಿ ಅದನ್ನು ಬಡಿದು ನೆಟ್ಟಗೆ ಮಾಡಿ, ಕೆಂಪು ಪ್ರೈಮರ್ ಹಚ್ಚಿ ಇಟ್ಟಿದ್ದರು. ಒಂದೂವರೆ ತಿಂಗಳಾಗಿತ್ತು. ಒಂದು ಶನಿವಾರ ಹೋದಾಗ ಗ್ಯಾರೇಜು ಮುಚ್ಚಿತ್ತು. ಎದುರಿನ ಹೋಟೆಲಿನವರು ಹೊರಗೆ ಬಂದು, ಮೇಸ್ತ್ರಿ ಸೋಮವಾರ ಬೆಳಗ್ಗೆ ಚಹಾಕ್ಕೆ ಬಂದು ಕೂತವರು ಹಾಗೆಯೇ ಬೆಂಚಿಗೆ ಒರಗಿದರು, ಆಸ್ಪತ್ರೆಯ ತನಕವೂ ಜೀವ ಇರಲಿಲ್ಲ ಎಂದರು. ಬರೆಯಲು ನಾಚಿಕೆಯಾಗುತ್ತದೆ, ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ಬಾಗಿಲು. ಇನ್ನೂ ಪೈಂಟ್ ಆಗಿಲ್ಲವಲ್ಲ ಎಂದು. ಆಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಒಮ್ಮೆಯೂ ಕಂಡವರಲ್ಲ. ಬಾಗಿಲಲ್ಲಿ ನೋಡಿದ ಕೂಡಲೇ, ಟೀಚರ್ ಅಲ್ಲವಾ ಎಂದು ಕೈ ಹಿಡಿದುಕೊಂಡರು.

ಗಾಡಿಯನ್ನು ಬಿ.ಸಿ. ರೋಡಿನಲ್ಲಿ ಹೊಸತಾಗಿ ತೆರೆದಿದ್ದ ಒಂದು ಗ್ಯಾರೇಜಿಗೆ ಕೊಟ್ಟೆ. ಅಲ್ಲಿನ ಯುವಕ ಗುರುವಾರ ಸಂಜೆ ಐದು ಗಂಟೆಗೆ ಬನ್ನಿ ಎಂದ. ಗುರುವಾರ ಶಾಲೆ ಬಿಟ್ಟು ಬಸ್ಸು ಹತ್ತಿದೆ. ಆಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಏನು ಬೈಯಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದೆ. ಐದು ಗಂಟೆಗೆ ಗಾಡಿಯನ್ನು ತೊಳೆದು, ಒರೆಸಿ, ಅಂಗಡಿಯ ಮುಂದೆ ನಿಲ್ಲಿಸಿದ್ದರು. ಯುವಕ ಕೀ ನನ್ನ ಕೈಗೆ ಕೊಟ್ಟ. ಒಳಗೆ ಕೂತು, ಗಾಜು ಏರಿಸಿ, ಸ್ಟಿಯರಿಂಗಿಗೆ ಹಣೆ ಕೊಟ್ಟು ಅತ್ತುಬಿಟ್ಟೆ.