ಶತ್ರುಪಕ್ಷ ಸೇರಿದ ಪಾದಗಳು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಓಂಕಾರಮೂರ್ತಿ ಭಾನುವಾರ ರೇಸ್ ಸೈಕಲ್ಲೇರಿ ಮೊಳಕಾಲ್ಮುರಿನ ಮೇಲೆ ದಂಡೆತ್ತಿ ಹೋದರೆ, ತಳಕು ದಾಟುವಷ್ಟರಲ್ಲಿ ಅವರ ಪಾದಗಳು ಜೋಮು ಹಿಡಿದು ಶತ್ರುಪಕ್ಷ ಸೇರುತ್ತವೆ. ಆಗ ಅವರು ಬೂಟು ಕಳಚಿ, ರಸ್ತೆಬದಿಯಲ್ಲಿ ಧಪಧಪ ಕುಣಿದು, "ವಾಪಸ್ ಬರ್ರಲೇ" ಎಂದು ಪಾದಗಳನ್ನು ಗದರಿಸುತ್ತಾರೆ. ಪಾದಗಳಿಗೆ ಜೀವ ಬಂದು ಇರುವೆ ಹರಿದಂತಾದರೆ ಜಯಭೇರಿ. "ಅದು ಸಕ್ಕರೆ ಕಾಯಿಲೆ ಇರಬೇಕು, ರಕ್ತ ಪರೀಕ್ಷೆ ಮಾಡಿಸ್ರಿ" ಎನ್ನುವ ಹೆಂಡತಿ ದಾಕ್ಷಾಯಿಣಿಗೆ, "ಬೂಟು ಬಿಗಿ ಐತೆ, ಅಷ್ಟೇ" ಎಂದು ಹೇಳಿ ಹೊಸ ಜೋಡಿ ಕೊಳ್ಳುತ್ತಾರೆ. ಈಚೆಗೆ ಎಷ್ಟು ಕುಣಿದರೂ ಇರುವೆ ಬರುವುದಿಲ್ಲ. ಯಾರದೋ ಪಾದಗಳು ಪೆಡಲ್ ತುಳಿಯುತ್ತ ತಮ್ಮನ್ನು ಎಲ್ಲಿಗೋ ಒಯ್ಯುತ್ತಿವೆ ಎನಿಸುತ್ತದೆ. ಮೊನ್ನೆ ಕುಣಿತ ಮುಗಿಸಿ, "ನೋವೇ ಇಲ್ಲ ನೋಡಲೇ" ಎಂದು ಬೀಗಿದಾಗ, ಜೊತೆಗಿದ್ದ ಗೆಳೆಯ ಜಯದೇವಪ್ಪ ನೆಲ ತೋರಿಸಿದ. ಅವರು ಕುಣಿದದ್ದು ಜಾಲಿಮುಳ್ಳಿನ ಮೇಲೆ. ಓಂಕಾರಮೂರ್ತಿ ಬಗ್ಗಿ, ಬೇರೆಯವರ ಕಾಲಿನಿಂದ ಕೀಳುವಷ್ಟು ನಿರಾಳವಾಗಿ ಕೆಂಪಾದ ಮುಳ್ಳು ಕಿತ್ತು, "ದಾಕ್ಷಾಯಿಣಿಗೆ ಹೇಳಬ್ಯಾಡ" ಎಂದರು.