ಅಯೋಡಿನ್ ಹಿಡಿಯದ ಗಡ್ಡೆ

ಹರಪನಹಳ್ಳಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ತೆಲಿಗಿಯಲ್ಲಿ ಕುರಿ ಸಾಕಿಕೊಂಡಿದ್ದ ನನ್ನಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್ ಆಯಿತು. ಬೆಂಗಳೂರಿನ ವೈದ್ಯರು ಗ್ರಂಥಿ ತೆಗೆದರು. ಉಳಿದ ಥೈರಾಯ್ಡ್ ಕೋಶಗಳು ಅಯೋಡಿನ್ ಹೀರಿಕೊಳ್ಳುತ್ತವೆ, ಅವನ್ನು ಸುಡಲು ವಿಕಿರಣಶೀಲ ಅಯೋಡಿನ್ ಕೊಡುತ್ತೇವೆಂದರು.

"ಅದು ಒಳಗ ಹೋದ್ಮ್ಯಾಲ ಏನಾಕೈತಿ, ತಮ್ಮಾ?" ಎಂದಳು ಅಕ್ಕ.

ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ರಿಯಾಕ್ಟರಿನಲ್ಲಿಟ್ಟ ಟೆಲ್ಯೂರಿಯಂ ನ್ಯೂಟ್ರಾನ್ ನುಂಗಿ ಅಸ್ಥಿರವಾಗುತ್ತದೆ, ಕ್ಷಯಿಸಿ ಅಯೋಡಿನ್ ಆಗುತ್ತದೆ. ಅದೂ ನಿಲ್ಲದೆ ಕ್ಸೆನಾನ್ ಆಗುತ್ತದೆ. ಆ ಕ್ಸೆನಾನ್ ಸ್ಥಿರ, ಮುಂದೆ ಬದಲಾಗುವುದಿಲ್ಲ.

"ಹೆಚ್ಚಿಂದು ಉಚ್ಚಿಯಾಗ ಹೋಕೈತಿ. ಉಳಿದದ್ದು ಎಂಟು ದಿನಕ್ಕ ಅರ್ಧ, ಮತ್ತ ಎಂಟು ದಿನಕ್ಕ ಅದರಾಗ ಅರ್ಧ ಆಗ್ತೈತಿ. ಕಡೀಗೆ ಗಾಳಿಯಾಗಿ ಉಸಿರಿನಾಗ ಹೊಂಟ್ಹೋಕೈತಿ."

"ಅಂದ್ರ ನನ್ನೊಳಗ ಏನೂ ಉಳಿಯಂಗಿಲ್ಲ?"

"ಅಯೋಡಿನ್ ಉಳಿಯಂಗಿಲ್ಲಕ್ಕಾ."

ಔಷಧಿ ಕೊಟ್ಟ ಮೇಲೆ ಆಸ್ಪತ್ರೆಯ ದಪ್ಪ ಗೋಡೆಯ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಊಟವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಊರಿಗೆ ಬಂದಾಗ ಅವಳ ಮಗಳು ಬಾಣಂತಿ. ಮೈಯಲ್ಲಿ ಇನ್ನೂ ವಿಕಿರಣವಿರುತ್ತದೆ, ಕೂಸಿನ ಹತ್ತಿರ ಕೆಲವು ದಿನ ಹೋಗಬಾರದೆಂದು ವೈದ್ಯರು ಹೇಳಿದ್ದರು. ಅಕ್ಕ ಅಂಗಳದಲ್ಲಿ ದೂರ ನಿಂತು, ಮಗಳ ಅತ್ತೆ ಕೂಸಿಗೆ ಎಣ್ಣೆ ಹಚ್ಚುವುದನ್ನು ನೋಡುತ್ತಿದ್ದಳು. "ಬೆನ್ನಿಗೆ ಇನ್ನಾಟು ಹಚ್ರಿ," ಎನ್ನುತ್ತಿದ್ದಳು.

ಆರು ತಿಂಗಳಾದ ಮೇಲಿನ ಸ್ಕ್ಯಾನಿನಲ್ಲಿ ಶ್ವಾಸಕೋಶದ ತುಂಬ ಸಣ್ಣ ಗಡ್ಡೆಗಳು ಕಂಡವು. ಅವು ಅಯೋಡಿನ್ ಹೀರಿಕೊಳ್ಳುತ್ತಿಲ್ಲ, ಮತ್ತೆ ಕೊಟ್ಟೂ ಪ್ರಯೋಜನವಿಲ್ಲ ಎಂದರು ವೈದ್ಯರು. ಅರ್ಥವೇನೆಂದು ನಾನು ಕೇಳಲಿಲ್ಲ. ಗೊತ್ತಿತ್ತು. ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ಕಣ್ಮುಚ್ಚಿಕೊಂಡಿದ್ದಳು. ಕೊಟ್ಟೂರು ದಾಟಿದ ಮೇಲೆ, "ಮಗಳಿಗೆ ಈಗ ಹೇಳಬ್ಯಾಡ. ಮೊಲೆಹಾಲು ಬತ್ತೀತು," ಎಂದಳು.

ಆಮೇಲೆ ಕೆಮ್ಮು ಬಿಡಲಿಲ್ಲ. ಮೊಮ್ಮಗುವನ್ನು ಮಡಿಲಿಗೆ ಹಾಕಿದರೂ ಹಿಡಿದುಕೊಳ್ಳಲು ಅವಳಲ್ಲಿ ಬಲವಿರಲಿಲ್ಲ. ಯಾರಾದರೂ ಪಕ್ಕದಲ್ಲಿ ಕೂರಬೇಕಿತ್ತು. ಜೋಳ ತೆನೆ ಕಟ್ಟುವ ಹೊತ್ತಿಗೆ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ, ಭಾವ ಹಟ್ಟಿಯ ಮುಂದೆ ಕೂತು ಕೇಳಿದ: "ನೀ ಓದ್ದಾವ. ಆ ಔಷಧಿ ಯಾಕ ಹತ್ತಲಿಲ್ಲ?"

"ಔಷಧಿ ತನ್ನ ಕೆಲಸ ಮಾಡೇತಿ ಭಾವ. ಗಡ್ಡೆನೇ ಅದನ್ನ ಒಳಗ ಬಿಟ್ಕೊಳ್ಳಲಿಲ್ಲ."

ಭಾವ ಎದ್ದು ಕುರಿಗಳಿಗೆ ನೀರು ತರಲು ಹೋದ.