ಲಾಂಡ್ರಿ ಥಿಯೇಟರಿನ ಹದಿನೇಳನೇ ಕುರ್ಚಿ

ನಾಟಕದವರ ಮೇಲೆ ಸೈಡಕ್ಕನಿಗೆ ತಿರಸ್ಕಾರ ಹುಟ್ಟಲು ಒಂದು ವಾರ ಸಾಕಾಗಿತ್ತು. ಅದನ್ನು ಸಾಕಿ ಬೆಳೆಸಲು ಇಪ್ಪತ್ತೊಂಬತ್ತು ವರ್ಷ ಸಿಕ್ಕಿತು. ಅಷ್ಟೂ ಕಾಲ ಅವಳು ನಗರದ ದೊಡ್ಡ ರಂಗಮಂದಿರದಲ್ಲಿ, ಎಡಗಡೆಯ ಸೈಡ್‌ವಿಂಗಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಡುತ್ತಿದ್ದಳು. ಹೆಸರು ಬಂದದ್ದು ಅಲ್ಲಿಂದಲೇ. ಮುಂದಿನಿಂದ ನೋಡುವವರಿಗೆ ಅವರೆಲ್ಲ ವೀರರು, ಚಕ್ರವರ್ತಿಗಳು. ಪಕ್ಕದಿಂದ ನೋಡುವ ಅವಳಿಗೆ ಮಾತ್ರ ಕಿವಿಯ ಹಿಂದೆ ಬೆವರು ಇಳಿಸಿಕೊಂಡು ನಿಂತ, ಪಾಠ ಒಪ್ಪಿಸಲು ಬಾರದ ಗಂಡಸರು.

ಅವಳ ಕೆಲಸಕ್ಕೆ ಒಂದು ಲೆಕ್ಕವಿತ್ತು. ನಟ ನಿಂತುಬಿಟ್ಟರೆ ಮನಸ್ಸಿನಲ್ಲೇ ಮೂರು ಎಣಿಸಬೇಕು, ಮೊದಲ ಎರಡು ಪದ ಎತ್ತಿಕೊಡಬೇಕು. ಆರಾದರೂ ಬಾಯಿ ಬಿಡದಿದ್ದರೆ ಇಡೀ ಸಾಲು. ಅವಳ ಪಿಸುದನಿ ಸುಮಾರು ಮೂವತ್ತು ಅಡಿ ಹೋಗಿ ಅಲ್ಲಿಗೆ ಇಂಗಿಹೋಗುತ್ತಿತ್ತು. ನಟನಿಗೆ ಕೇಳಿಸಿದ್ದು ಮೊದಲ ಸಾಲಿನ ಪ್ರೇಕ್ಷಕನಿಗೂ ಕೇಳಿಸುತ್ತಿರಲಿಲ್ಲ. ಬರೆದವರು ಅಲ್ಲಲ್ಲಿ ‘ಮೌನ’ ಎಂದು ಹಾಕಿದ್ದನ್ನು ಅವಳು ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಿದ್ದಳು. ಮಾತು ತೋಚದ ಬರಹಗಾರ ಮಾತು ಮರೆತ ನಟನಿಗೆ ಮಾಡಿಕೊಡುವ ಉಪಕಾರ ಅದು ಎಂಬುದು ಅವಳ ಅಭಿಪ್ರಾಯ.

ಮನೆಯಲ್ಲಿ ಮೂರು ಎಣಿಸುವ ತಾಳ್ಮೆಯೂ ಇರಲಿಲ್ಲ. ಮದುವೆಯಾಗದ ಅಕ್ಕತಂಗಿ ಇಬ್ಬರೇ, ಎರಡು ಕೋಣೆಯ ಮನೆ. ತಂಗಿ ಮೂವತ್ತೊಂದು ವರ್ಷದಿಂದ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜುತ್ತಿದ್ದಳು. ‘ನೋವು ಎಲ್ಲಮ್ಮಾ?’ ಎಂದು ಡಾಕ್ಟರು ತಂಗಿಯನ್ನು ಕೇಳಿದರೆ, ‘ಎಡಮಂಡಿ, ಮೆಟ್ಟಿಲು ಇಳಿಯೋವಾಗ’ ಎಂದು ಅಕ್ಕ ಹೇಳುವಳು. ಚಪ್ಪಲಿ ಅಂಗಡಿಯವನು ಅಳತೆ ಕೇಳಿದರೂ ಅಷ್ಟೆ. ತಂಗಿ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬಂದಾಗಿರುತ್ತಿತ್ತು, ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಉತ್ತರಗಳು ಬಹುಪಾಲು ಸರಿಯಾಗಿಯೇ ಇರುತ್ತಿದ್ದವು.

ಹೀಗಿರಲಾಗಿ, ಐವತ್ತಾರನೇ ವಯಸ್ಸಿನಲ್ಲಿ ತಂಗಿ ಒಂದು ಸಂಜೆ ಬಂದು, ತಾನು ನಾಟಕ ಮಾಡುತ್ತಿದ್ದೇನೆ ಎಂದಳು.

“ಯಾವ ಹಾಲಲ್ಲಿ?”

“ಹಾಲಲ್ಲ ಅಕ್ಕ. ನಮ್ಮಂಗಡಿ ಹಿಂದಿನ ಬೀದೀಲಿ ಹಳೇ ಲಾಂಡ್ರಿ ಇತ್ತಲ್ಲ, ಅಲ್ಲಿ.”

ಸೈಡಕ್ಕ ನಕ್ಕಳು. “ಸರಿಹೋಯ್ತು. ಮಾನ ಹೋದ್ರೆ ಅಲ್ಲೇ ಒಗೆಸ್ಕೊಂಡು ಬರಬಹುದು.”

ತಂಗಿ ನಗಲಿಲ್ಲ. “ನೀನು ಬರಬೇಡ.”

“ನೀನು ಮಾತು ಮರೀತೀಯ. ಆಗ ಯಾರು ಗತಿ?”

“ಮರೆತ್ರೆ ಅವತ್ತಿಗೇ ಬಿಟ್ಟುಬಿಡ್ತೀನಿ. ಆಮೇಲೆ ಅದರ ಸುದ್ದೀನೇ ಎತ್ತಲ್ಲ. ಮರೀದಿದ್ರೆ ನೀನು ಸುದ್ದಿ ಎತ್ತಬೇಡ.”

ಒಪ್ಪಂದವಾಯಿತು. ತಂಗಿ ಕೆಲಸಕ್ಕೆ ಹೋದಾಗ ಸೈಡಕ್ಕ ಅವಳ ಹಾಸಿಗೆಯಡಿಯಿಂದ ನಾಟಕದ ಹಾಳೆಗಳನ್ನು ತೆಗೆದು ಓದಿದಳು. ಒಂದೇ ಸಲ ಓದಿದ್ದು. ಅವಳಿಗೆ ಅಷ್ಟು ಸಾಕು. ಗಂಡ ತೀರಿಕೊಂಡ ಹೆಂಗಸೊಬ್ಬಳು, ಅವನು ಒಗೆಯಲು ಕೊಟ್ಟಿದ್ದ ಕೋಟನ್ನು ಬಿಡಿಸಿಕೊಳ್ಳಲು ಲಾಂಡ್ರಿಗೆ ಬರುತ್ತಾಳೆ. ‘ಯಾರ ಹೆಸರಲ್ಲಿ ಬರ್ಕೊಳ್ಳಲಿ?’ ಎಂದು ಗುಮಾಸ್ತ ಕೇಳುತ್ತಾನೆ. ಅಲ್ಲಿ ‘ಮೌನ’. ಆಮೇಲೆ, ‘ನನ್ನ ಹೆಸರಲ್ಲೇ ಬರ್ಕೊಳ್ಳಿ.’ ಇಷ್ಟಕ್ಕೆ ನಾಟಕ ಅನ್ನುತ್ತಾರೆ! ಸೈಡಕ್ಕನ ಕೈ ಪೆನ್ಸಿಲಿಗೆ ಹೋಯಿತು. ತನ್ನ ಹಾಳೆಯಲ್ಲ ಎಂದು ನೆನಪಾಗಿ ಬಿಟ್ಟಳು.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಆಟ. ತಂಗಿ ಎರಡಕ್ಕೇ ಹೊರಟಳು. ಸೈಡಕ್ಕ ಮೂರೂವರೆಗೆ ಹೊರಟಳು.

ಬಾಗಿಲಲ್ಲಿ ಟಿಕೆಟ್ ಎಂದು ಕೊಟ್ಟದ್ದು ಬಟ್ಟೆಗೆ ಹಚ್ಚುವ ಚೀಟಿ. ಅದನ್ನು ಪಿನ್ನಿನಿಂದ ಹೆಗಲಿಗೆ ಚುಚ್ಚಿದರು. ಅದರಲ್ಲಿ ‘೧೭. ಒಗೆದಿದೆ, ಇಸ್ತ್ರಿ ಬಾಕಿ’ ಎಂದಿತ್ತು. ಅರವತ್ತರ ಹೆಂಗಸಿನ ಹೆಗಲ ಮೇಲೆ ಬರೆಯುವ ಮಾತೇ ಇದು? ಒಳಗೆ ಇಪ್ಪತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಒಂದೇ ಕೋಣೆ, ಸೋಪಿನಪುಡಿಯ ವಾಸನೆ. ಮೂವತ್ತನಾಲ್ಕು ಆಸನಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲ: ಶಾಲೆಯ ಬೆಂಚು, ಬಸ್ಸಿನಿಂದ ಕಿತ್ತ ಸೀಟು, ತಲೆಕೆಳಗಾದ ಬಕೆಟ್ಟು. ಹದಿನೇಳನೆಯದು ಕ್ಷೌರದಂಗಡಿಯ ಕುರ್ಚಿ. ಹತ್ತಿ ಕೂತಳು. ಐದು ನಿಮಿಷದಲ್ಲಿ ಅದು ಉಸ್ಸೆಂದು ಒಂದು ಬೆರಳು ಕೆಳಗಿಳಿಯಿತು.

“ಅದು ಹಾಗೇ ಮೇಡಂ, ಮೆಲ್ಲಗೆ ಇಳಿಯುತ್ತೆ,” ಎಂದು ಪಕ್ಕದ ಬಕೆಟ್ಟಿನವರು ಸಮಾಧಾನ ಹೇಳಿದರು. “ನಾಟಕ ಮುಗಿಯೋ ಹೊತ್ತಿಗೆ ನೆಲಕ್ಕೆ ಹತ್ತಿರ. ಆ ಅನುಭವಕ್ಕೇ ಅಂತ ಕೆಲವರು ಕೇಳಿ ತಗೋತಾರೆ.”

ಸೈಡಕ್ಕ ಆ ಮನುಷ್ಯನನ್ನು ತಲೆಯಿಂದ ಬಕೆಟ್ಟಿನವರೆಗೆ ನೋಡಿ ಮುಖ ತಿರುಗಿಸಿದಳು.

ನಿರ್ದೇಶಕ ಬಂದು ಮಾತಾಡಿದ. ಹಿಂದೆ ಲಾಂಡ್ರಿ ನಡೆಸುತ್ತಿದ್ದವನೂ ಅವನೇ. ಒಗೆಯುವ ಯಂತ್ರ ಕೆಟ್ಟಾಗ ರಿಪೇರಿ ಮಾಡಿಸುವುದು ಬಿಟ್ಟು ನಾಟಕಕ್ಕೆ ಇಳಿದವನು. “ಇಲ್ಲಿ ನೋಡುವವರು, ಮಾಡುವವರು ಎಂಬ ಭೇದವಿಲ್ಲ,” ಎಂದ. ಅದಂತೂ ನಿಜ, ಎಂದುಕೊಂಡಳು ಸೈಡಕ್ಕ, ಇಬ್ಬರಿಗೂ ನಾಟಕ ಗೊತ್ತಿಲ್ಲ. ಬೆಳಕಿಗೆ ನಾಲ್ಕು ಟೇಬಲ್ ಲ್ಯಾಂಪ್. ಬಟ್ಟೆ ನೇತುಹಾಕುವ ಕಂಬಿ ಗರಗರ ತಿರುಗಿ, ಅದರಲ್ಲಿ ತೂಗುತ್ತಿದ್ದ ಹಳೆಯ ಅಂಗಿಗಳ ನಡುವಿನಿಂದ ಗುಮಾಸ್ತನ ಪಾತ್ರದವನು ಹೊರಬಂದ. ತೋಳಿನ ಗುಂಡಿಗೆ ಯಾರದೋ ಅಂಗಿ ಸಿಕ್ಕಿಕೊಂಡು ಅದೂ ಜೊತೆಗೆ ಬಂತು. ಪ್ರೇಕ್ಷಕರು ಅದಕ್ಕೂ ಅರ್ಥ ಹುಡುಕಿ ತಲೆಯಾಡಿಸಿದರು.

ಆಮೇಲೆ ತಂಗಿ ಬಂದಳು. ಮನೆಯಲ್ಲಿ ಉಡುವ ಬಟ್ಟೆಯೇ, ಮನೆಯ ನಡಿಗೆಯೇ. ಮಾತುಗಳು ಒಂದೊಂದಾಗಿ ಸರಿಯಾಗಿ ಬಂದವು. ಸೈಡಕ್ಕನ ತುಟಿಗಳು ಅವುಗಳ ಹಿಂದೆಯೇ ಸದ್ದಿಲ್ಲದೆ ಓಡಿದವು. ಕುರ್ಚಿ ಇಳಿದೂ ಇಳಿದೂ ಮಂಡಿ ಎದೆಯ ಮಟ್ಟಕ್ಕೆ ಬಂದಿತ್ತು.

“ಯಾರ ಹೆಸರಲ್ಲಿ ಬರ್ಕೊಳ್ಳಲಿ?” ಎಂದ ಗುಮಾಸ್ತ.

ತಂಗಿ ಸುಮ್ಮನಾದಳು.

ಒಂದು. ಎರಡು. ಮೂರು.

“ನನ್ನ ಹೆಸರಲ್ಲೇ...” ಎಂದಳು ಸೈಡಕ್ಕ.

ಮೂವತ್ತು ಅಡಿಗೆ ಪಳಗಿದ ಪಿಸುದನಿ ಇಪ್ಪತ್ತೆರಡು ಅಡಿಯ ಕೋಣೆಯಲ್ಲಿ ಎಲ್ಲಿಗೆ ಹೋಗಬೇಕು? ಮೂವತ್ತನಾಲ್ಕು ಆಸನಕ್ಕೂ ಮುಟ್ಟಿ, ಎದುರು ಗೋಡೆಗೆ ತಾಗಿ ವಾಪಸು ಬಂತು. ಗುಮಾಸ್ತ ಅದನ್ನೇ ತಂಗಿಯ ಮಾತೆಂದುಕೊಂಡು, “ಸರಿ, ಇಲ್ಲಿ ಸಹಿ ಹಾಕಿ,” ಎಂದು ಪುಸ್ತಕ ಮುಂದೆ ನೂಕಿಯೇಬಿಟ್ಟ. ನಾಟಕ ಅಲ್ಲಿಗೆ ಮುಗಿದಂತಾಯಿತು. ಕಂಬಿಯ ಪಕ್ಕ ನಿರ್ದೇಶಕ ಹಣೆಗೆ ಕೈ ಹಚ್ಚಿದ್ದು ಸೈಡಕ್ಕನಿಗೆ ಕಾಣಿಸಿತು. ‘ಮರೆತಳು, ನಾನು ಹೇಳಿರಲಿಲ್ಲವೇ?’ ಎಂಬುದು ಮೊದಲು ಮನಸ್ಸಿಗೆ ಬಂತು. ಅದರ ಬೆನ್ನಿಗೇ ತಂಗಿಯ ಮುಖ ಕಂಡಿತು. ಮರೆತವರ ಮುಖ ಅವಳಿಗೆ ಇಪ್ಪತ್ತೊಂಬತ್ತು ವರ್ಷದ ಪರಿಚಯ. ಇದು ಅದಲ್ಲ.

ತಂಗಿ ಹದಿನೇಳನೇ ಕುರ್ಚಿಯ ಕಡೆ ತಿರುಗಿದಳು. ಅಲ್ಲಿ ಈಗ ಒಂದು ತಲೆ, ಎರಡು ಮಂಡಿ ಮಾತ್ರ ಕಾಣುತ್ತಿದ್ದವು.

“ಅಕ್ಕ, ನಾನು ಮರ್ತಿಲ್ಲ. ಸುಮ್ಮನಿದ್ದೆ ಅಷ್ಟೆ.” ಪುಸ್ತಕವನ್ನು ಗುಮಾಸ್ತನ ಕಡೆಗೇ ಹಿಂದಕ್ಕೆ ತಳ್ಳಿದಳು. “ಇನ್ನೊಂದ್ಸಲ ಕೇಳಿ.”

ಅವನು ತಡವರಿಸಿ, “ಯಾರ ಹೆಸರಲ್ಲಿ ಬರ್ಕೊಳ್ಳಲಿ?” ಎಂದ.

ಮೂರಾಯಿತು. ಆರಾಯಿತು. ಇಡೀ ಸಾಲು ಸೈಡಕ್ಕನ ನಾಲಗೆಯ ತುದಿಗೆ ಬಂದು ನಿಂತಿತ್ತು. ಕರವಸ್ತ್ರವನ್ನು ಮುದ್ದೆ ಮಾಡಿ ಹಲ್ಲಿನ ನಡುವೆ ಇಟ್ಟುಕೊಂಡಳು. ಹದಿನೆಂಟಕ್ಕೆ ಯಾರೋ ಕೆಮ್ಮಿದರು. ಮೂವತ್ತರ ಹೊತ್ತಿಗೆ ಕೆಮ್ಮೂ ನಿಂತಿತು. ತಂಗಿ ಕೌಂಟರಿನ ಮೇಲಿದ್ದ ಕೋಟಿನ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದಳು, ಅಂಗಡಿಯಲ್ಲಿ ಗಾಜು ಉಜ್ಜುವ ಹಾಗೆ. ಅವಳ ಕೆಳತುಟಿಯ ಎಡಗಡೆ ಮಾತಿಗೆ ಮುಂಚೆ ಸ್ವಲ್ಪ ಅದುರುತ್ತದೆ ಎಂಬುದು ಸೈಡಕ್ಕನಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ಆ ಬಾಯಿಯನ್ನು ಅವಳು ಯಾವತ್ತೂ ಕಾದಿರಲಿಲ್ಲ.

ಎಪ್ಪತ್ತೆರಡಕ್ಕೆ ತಂಗಿ ಹೇಳಿದಳು. “ನನ್ನ ಹೆಸರಲ್ಲೇ ಬರ್ಕೊಳ್ಳಿ.”

ಆಟ ಮುಗಿದ ಮೇಲೆ ಸೈಡಕ್ಕನನ್ನು ಕುರ್ಚಿಯಿಂದ ಎತ್ತಲು ಇಬ್ಬರು ಬೇಕಾಯಿತು. ಹೊರಗೆ ಟೀ ಅಂಗಡಿಯ ಮುಂದೆ ಅಕ್ಕತಂಗಿ ನಿಂತರು. ಹೆಗಲ ಮೇಲಿನ ಚೀಟಿ ಇನ್ನೂ ಹಾಗೇ ಇತ್ತು.

“ಕುರ್ಚಿ ದರಿದ್ರ,” ಎಂದಳು ಸೈಡಕ್ಕ. “ಬೆಳಕು ಅದಕ್ಕಿಂತ ದರಿದ್ರ. ಆ ಗುಮಾಸ್ತ ಅಂತೂ ದಂಡಪಿಂಡ, ಯಾರ ದನಿ ಅನ್ನೋದೂ ತಿಳಿಯಲ್ಲ ಅವನಿಗೆ.”

“ನಾನು?”

ಸೈಡಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಮೂರಾಯಿತು, ಆರಾಯಿತು, ಎತ್ತಿಕೊಡುವವರು ಯಾರೂ ಇರಲಿಲ್ಲ. ತಂಗಿ ಕಾದಳು.

“ಮುಂದಿನ ವಾರ ಎಷ್ಟು ಗಂಟೆಗೆ?” ಎಂದಳು ಸೈಡಕ್ಕ ಕೊನೆಗೆ.

“ನಾಲ್ಕಕ್ಕೇ. ಬರ್ತೀಯಾ?”

“ಆ ಕುರ್ಚೀಲಿ ಕೂರಲ್ಲ. ಬಕೆಟ್ಟೇ ವಾಸಿ.”

ಟೀಯವನು ತಂಗಿಯ ಲೋಟ ಹಿಡಿದು, “ಇವರಿಗೆ ಸಕ್ಕರೆ?” ಎಂದು ಎಲ್ಲರ ಹಾಗೆ ಅಕ್ಕನನ್ನೇ ಕೇಳಿದ. ಸಕ್ಕರೆ ಬೇಡ ಎಂದು ಹೇಳಿ ಹೇಳಿ ರೂಢಿಯಾದ ಬಾಯಿ ಅದು. ಸೈಡಕ್ಕ ಎದುರಿನ ಗೋಡೆ ನೋಡತೊಡಗಿದಳು.

“ಎರಡು ಚಮಚ,” ಎಂದಳು ತಂಗಿ. ಸ್ವಲ್ಪ ಯೋಚಿಸಿ, “ಮೂರು ಹಾಕಿ,” ಎಂದಳು.

ಪಾಯಸ ಕುಡಿಯುತ್ತಾಳೇನು ಇವಳು, ಎಂದುಕೊಂಡಳು ಸೈಡಕ್ಕ. ಎಂದುಕೊಂಡಳಷ್ಟೆ.